ಸೀರೆಗಿಂತ ಉದ್ದದ ಕರುಳು

ನನ್ನ ಹೊಟ್ಟೆ ಉಬ್ಬಿದ್ದು ನನಗಿಂತ ಮೊದಲು ನನ್ನ ಮಗ್ಗಕ್ಕೆ ತಿಳಿಯುತ್ತದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಕೆಲವರು ಇನ್ನೂ ಕುಣಿಮಗ್ಗದಲ್ಲೇ ರೇಷ್ಮೆ ಸೀರೆ ನೇಯುತ್ತೇವೆ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ಸರಿಯಾಗಿ ಹೊಟ್ಟೆಯ ಮುಂದೆ ಬರುತ್ತದೆ. ಬೆಳಿಗ್ಗೆ ದಿಂಡಿಗೂ ನನಗೂ ನಡುವೆ ಅಂಗೈ ತೂರುವಷ್ಟು ಜಾಗ. ಮಧ್ಯಾಹ್ನ ಊಟವಾದ ಮೇಲೆ ಆ ಜಾಗ ಮಾಯ. ಆಗ ಹಿಂದಕ್ಕೆ ವಾಲಿ ಕೂರಬೇಕು. ವಾಲಿದರೆ ಎಳೆಯನ್ನು ಬಡಿದು ಕೂರಿಸುವ ಕೈಗೆ ಬಲ ಸಾಲದು, ಬಡಿತ ಸಡಿಲವಾದರೆ ನೇಯ್ಗೆ ತೆಳ್ಳಗಾಗುತ್ತದೆ. ಹೀಗೆ ನಾನು ತಿಂದ ಅವರೆಕಾಳು ಯಾರದೋ ಮದುವೆ ಸೀರೆಯಲ್ಲಿ ಒಂದು ಪಟ್ಟಿಯಾಗಿ ಕೂತುಬಿಡುತ್ತದೆ.

ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ ಅನ್ನಿ. ಆದರೆ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುವ ನನ್ನ ಹೆಂಡತಿ ಮಾದೇವಮ್ಮನ ಬೆರಳಿಗೆ ತಪ್ಪುವುದಿಲ್ಲ. ನಾನೊಮ್ಮೆ ಹನೂರಿಗೆ ಬೀಗರೂಟಕ್ಕೆ ಹೋಗಿ ಬಂದೆ. ಮಾರನೆಯ ಸಂಜೆ ಬಟ್ಟೆಯ ಮೇಲೆ ಕೈಯಾಡಿಸಿ, "ನಿಮ್ ಬೀಗ್ರೂಟ ಇಲ್ಲಿ ಅದೆ ಕಣ್ರೀ" ಎಂದಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಾನು ಎರಡನ್ನೂ ಬಲ್ಲವನಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಮಗಳು ಸವಿತಳಿಗೆ ಯಳಂದೂರಿನಲ್ಲಿ ಗಂಡು ಗೊತ್ತಾಯಿತು. ಬೀಗರು ಎಷ್ಟು ಸೀರೆಯಾದರೂ ತರಲಿ, ಧಾರೆಗೆ ಅಪ್ಪ ನೇಯ್ದದ್ದೇ ಬೇಕೆಂದು ಅವಳು ಹಟ ಹಿಡಿದಳು. ಬೀಗರೂ ನೇಯುವವರೇ. ನಮ್ಮವರ ಮದುವೆಯಲ್ಲಿ ಹೆಣ್ಣಿನ ಮುಖ ನೋಡುವ ಮೊದಲು ಸೀರೆಯ ನೇಯ್ಗೆ ನೋಡುತ್ತಾರೆ. ಈ ಒಂದು ಸೀರೆಯಲ್ಲಿ ನನ್ನ ಹೊಟ್ಟೆ ಕಾಣಿಸಿಕೊಂಡರೆ ಮಾನ ಹೋದಂತೆಯೇ ಎಂದು ಹೆದರಿ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದಕ್ಕೆ ಐಬಿಎಸ್ ಅನ್ನುತ್ತಾರೆ, ಕರುಳು ಕೆಟ್ಟಿಲ್ಲ, ಸ್ವಲ್ಪ ಮುಂಗೋಪಿ ಅಷ್ಟೆ ಎಂದರು. ಅವರೆ, ಹುರುಳಿ, ಎಲೆಕೋಸು, ಈರುಳ್ಳಿ, ಬೆಳ್ಳುಳ್ಳಿ, ಗಳಿಗೆಗೊಮ್ಮೆ ಕುಡಿಯುವ ಹಾಲಿನ ಟೀ, ಗೋಲಿ ಸೋಡಾ, ಇಂಥವು ಹೊಟ್ಟೆ ಉಬ್ಬಿಸುತ್ತವೆ. ಎಲ್ಲರಿಗೂ ಎಲ್ಲವೂ ಆಗದೆಂದಲ್ಲ, ಒಂದೊಂದಾಗಿ ಬಿಟ್ಟು ನೋಡಿ ಎಂದರು. "ಗಬಗಬ ನುಂಗಬೇಡಿ, ಗಾಳಿಯೂ ಒಳಗೆ ಹೋಗುತ್ತೆ. ಮುದ್ದೆಯನ್ನೂ ಅಗಿದು ತಿನ್ನಿ."

"ಮುದ್ದೆ ಅಗಿಯೋದಾ ಸಾ? ಅಗುದ್ರೆ ಅದು ಮುದ್ದೆ ಎಂಗಾಯ್ತದೆ?" ಎಂದೆ. ನಮ್ಮಪ್ಪ, ತಾತ ಯಾರೂ ಹಲ್ಲಿಗೆ ಆ ಕೆಲಸ ಕೊಟ್ಟವರಲ್ಲ.

ಡಾಕ್ಟರು ನಕ್ಕು ಹೇಳಿದ ಇನ್ನೊಂದು ಮಾತು ನನ್ನನ್ನು ದಂಗುಬಡಿಸಿತು. ನಮ್ಮ ಕರುಳನ್ನು ಬಿಡಿಸಿ ಹಾಸಿದರೆ ಒಂದು ಸೀರೆಗಿಂತ ಉದ್ದವಂತೆ. ಮನಸ್ಸಿನ ಕಳವಳವೂ ಅದಕ್ಕೆ ಮುಟ್ಟುತ್ತದಂತೆ, ಆಗಲೂ ಹೊಟ್ಟೆ ಉಬ್ಬಬಹುದಂತೆ. ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮನೆಗೆ ಬಂದೆ. ಒಂದು ಸೀರೆ ನೇಯಲು ನಾನು ಎಷ್ಟು ದಿನ ಕೂರಬೇಕು, ಕಾಲು ಎಷ್ಟು ತುಳಿಯಬೇಕು. ನನ್ನೊಳಗೆ ಅದಕ್ಕಿಂತ ಉದ್ದದ್ದೊಂದು ಮಡಿಕೆ ಮಡಿಕೆಯಾಗಿ ಕೂತು, ನಾನು ಮಲಗಿದ್ದಾಗಲೂ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಎಳೆ ಕಡಿದಿಲ್ಲ, ಗಂಟು ಬಿದ್ದಿಲ್ಲ, ಒಂದು ದಿನ ರಜೆ ಕೇಳಿಲ್ಲ. ಇಂಥದ್ದನ್ನು ಇಷ್ಟು ವರ್ಷ ಹುರುಳಿ ಸಾರಿನಲ್ಲಿ ಅದ್ದಿ ಬೈದುಕೊಂಡಿದ್ದೆನಲ್ಲ ಅನ್ನಿಸಿತು. ಆ ರಾತ್ರಿ ಮುದ್ದೆ ಅಗಿದೆ. ಮಾದೇವಮ್ಮ ಯಾರೋ ಹೊಸಬರನ್ನು ನೋಡುವಂತೆ ನೋಡಿದಳು.

ಕಾಳು ಬಿಟ್ಟೆ, ಹಾಲಿನ ಟೀ ಬಿಟ್ಟೆ, ನಿಧಾನಕ್ಕೆ ಉಣ್ಣುವುದನ್ನು ಕಲಿತೆ. ಅಂಗೈಯಷ್ಟು ಜಾಗ ಸಂಜೆಯವರೆಗೂ ಉಳಿಯತೊಡಗಿತು. ಸೀರೆಯ ಒಡಲು ಒಂದೇ ಸಮನಾಗಿ ಬಂತು. ಕೊನೆಗೆ ಸೆರಗು ಉಳಿಯಿತು. ಒಂದು ಬೆಳಿಗ್ಗೆ ಸವಿತ ಕಡಿದ ಎಳೆಯೊಂದನ್ನು ಕಟ್ಟಿಕೊಡುತ್ತ, ತಲೆಯೆತ್ತದೆ ಕೇಳಿದಳು. "ಅಪ್ಪ, ನಾನು ಗಂಡನ್ ಮನೆಗ್ ಓದ್ಮೇಲೆ ಎಳೆ ಕಡುದ್ರೆ ಯಾರ್ ಕಟ್ಕೊಡ್ತರೆ?"

"ಕಟ್ಕತೀನಿ ಓಗವ್ವ" ಎಂದೆ. ನನ್ನ ಕಣ್ಣಿಗೆ ಆ ಎಳೆ ಕಾಣುವುದಿಲ್ಲವೆಂದು ಅವಳಿಗೂ ಗೊತ್ತು.

ಅವತ್ತು ತಿಂದದ್ದು ಬರೀ ಅನ್ನ, ತಿಳಿಸಾರು. ಆದರೂ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ದಿಂಡಿಗೆ ಒತ್ತಿಕೊಂಡಿತ್ತು. ಸಂಜೆ ಮಾದೇವಮ್ಮನ ಕೈ ಸೆರಗಿನ ಮೇಲೆ ಹರಿದು ಒಂದು ಕಡೆ ನಿಂತಿತು.

"ಇಲ್ಲೇನ್ ತಿಂದಿದ್ರಿ?"

"ಏನೂ ತಿಂದಿಲ್ಲ ಕಣೆ. ಬಿಚ್ಚಿ ನೇಯ್ಲಾ?"

ಅವಳು ಕೈ ತೆಗೆಯಲಿಲ್ಲ. "ಬ್ಯಾಡ, ಇರ್ಲಿ ಬುಡಿ" ಎಂದಳು.

ಯಳಂದೂರಿನಲ್ಲಿ ಧಾರೆಯಾಯಿತು. ನಾನು ಹೆದರಿದಂತೆಯೇ ಬೀಗಿತಿ ಸೊಸೆಯ ಸೆರಗು ಸರಿಪಡಿಸುವ ನೆಪದಲ್ಲಿ ಬೆರಳಾಡಿಸಿ, ಅದೇ ಜಾಗದಲ್ಲಿ ನಿಂತರು. ಅವರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನಮ್ ಮಗಳ ಧಾರೆ ಸೀರೆಲೂ ಸೆರಗ್ನಲ್ಲೇ ಇಂಗೇ ಅದೆ ಬೀಗ್ರೇ. ನಮ್ ಯಜಮಾನ್ರು ನೇಯ್ದದ್ದು."

ಊಟದ ಪಂಕ್ತಿಯಲ್ಲಿ ಅವರ ಯಜಮಾನರ ಪಕ್ಕಕ್ಕೇ ಹೋಗಿ ಕೂತೆ. ಬಡಿಸುವವನು ಅವರೆಕಾಳು ಸಾರು ತಂದಾಗ ಇಬ್ಬರ ಕೈಯೂ ಒಟ್ಟಿಗೇ ಎಲೆಗೆ ಅಡ್ಡ ಬಂತು.