ಕಲ್ಲುಜೇಬಿನ ಲೆಕ್ಕ

ನಮ್ಮ ದೊಡ್ಡಪ್ಪ ಕಡಲ ಪಕ್ಕದ ಸರೋವರದ ಕಾವಲುಗಾರರಾಗಿದ್ದರು. ಅಲ್ಲಿ ಬಲೆ ಬೀಸುವಂತಿಲ್ಲ, ಬಂದೂಕು ಒಯ್ಯುವಂತಿಲ್ಲ; ದೊಡ್ಡಪ್ಪ ಎದುರಿಗಿದ್ದರೆ ಜೋರಾಗಿ ಸೀನುವಂತೆಯೂ ಇರಲಿಲ್ಲ. ಚಳಿಗಾಲದಲ್ಲಿ ಬಂದಿಳಿಯುವ ಬಾತುಗಳನ್ನು ವರ್ಷಕ್ಕೊಮ್ಮೆ ಎಣಿಸುವುದೂ ಅವರ ಕೆಲಸವೇ. ಮೊಣಕಾಲುದ್ದ ನೀರಿನಲ್ಲಿ ನಿಂತು, ನೂರು ಹಕ್ಕಿಗೊಂದರಂತೆ ಕೊರಳ ಚೀಲದಿಂದ ಬೆಣಚುಕಲ್ಲು ತೆಗೆದು ಪ್ಯಾಂಟಿನ ಜೇಬಿಗೆ ಹಾಕುತ್ತಿದ್ದರು. ಊರಿನವರು ಅವರಿಗೆ ‘ಕಲ್ಲುಜೇಬು’ ಎಂದೇ ಹೆಸರಿಟ್ಟಿದ್ದರು.

ಹೋದ ವರ್ಷ ಜೇಬಿನಲ್ಲಿ ಸಿಕ್ಕಿದ್ದು ನಲವತ್ತೊಂದೇ ಕಲ್ಲು. ಹಿಂದೆಲ್ಲ ಅರವತ್ತಕ್ಕೆ ಕಡಿಮೆ ಇರುತ್ತಿರಲಿಲ್ಲ. ತಮ್ಮ ಕಾವಲೇ ಸರಿಯಿಲ್ಲವೆಂದು ದೊಡ್ಡಪ್ಪ ಊಟ ಬಿಟ್ಟು ಕೂತರು. ಆಮೇಲೆ ವರ್ಷವಿಡೀ ಬೆಳಕು ಹರಿಯುವ ಮೊದಲೇ ದೋಣಿ ಹತ್ತಿ, ಕದ್ದು ಬಲೆ ಬೀಸುವವರ ಬೆನ್ನು ಬಿಡಲಿಲ್ಲ. ಈ ವರ್ಷ ಅರವತ್ತಮೂರು ಕಲ್ಲು! ಕಚೇರಿಯವರಿಗೆ ಹಿಗ್ಗೋ ಹಿಗ್ಗು. ದೊಡ್ಡಪ್ಪನ ನಿವೃತ್ತಿಯ ದಿನವೇ ಸನ್ಮಾನವೆಂದು ಗೊತ್ತುಮಾಡಿದರು.

ಆ ಬೆಳಿಗ್ಗೆ ಸಮವಸ್ತ್ರ ತೊಟ್ಟು ಜೇಬಿಗೆ ಕೈ ಹಾಕಿದ ದೊಡ್ಡಪ್ಪ ದೊಡ್ಡಮ್ಮನನ್ನು ಕೂಗಿದರು.

“ಏನೇ, ಇಲ್ಲಿ ಹೊಲಿಗೆ ಹಾಕಿದ್ಯಾ?”

“ಈ ಸಲ ಎಣಿಕೆಗೆ ಹೋಗೋ ಹಿಂದಿನ ದಿನ ಹಾಕ್ದೆ ಕಣ್ರೀ. ಎರಡು ಬೆರಳು ತೂರೋಷ್ಟು ತೂತು. ಎಷ್ಟು ದಿನದಿಂದ ಇತ್ತೋ, ಬಾಯಿಬಿಟ್ಟು ಹೇಳೋಕೇನಾಗಿತ್ತು?” ಎಂದರು ದೊಡ್ಡಮ್ಮ.

ದೊಡ್ಡಪ್ಪ ಮಂಚದ ಮೇಲೆ ಕೂತು ಆ ಹೊಲಿಗೆಯನ್ನೇ ಸವರಿದರು. ಹೋದ ವರ್ಷ ಎಷ್ಟೋ ಕಲ್ಲು ಆ ತೂತಿನಿಂದ ಕಾಲುಗುಂಟ ಜಾರಿ ಕೆಸರು ಸೇರಿತ್ತು, ಹಕ್ಕಿ ಎಲ್ಲೂ ಹೋಗಿರಲಿಲ್ಲ.

“ಇವತ್ತೊಂದಿನ ಸುಮ್ನಿದ್ಬಿಡಿ ದೊಡ್ಡಪ್ಪ, ಯಾರಿಗೆ ಗೊತ್ತಾಗುತ್ತೆ?” ಎಂದೆ. ಅವರು ಕತ್ತೆತ್ತಿ ನನ್ನನ್ನೊಮ್ಮೆ ನೋಡಿದರು. ನನಗೆ ನಾಚಿಕೆಯಾಯಿತು.

ಸಭೆಯಲ್ಲಿ ಸಾಹೇಬರು ಸನ್ಮಾನಪತ್ರ ಓದಿದರು: ‘ಇವರ ಕಾವಲಿನಿಂದ ಎರಡು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಮರಳಿ ಬಂದಿವೆ.’ ಚಪ್ಪಾಳೆ ನಿಲ್ಲುವ ಮೊದಲೇ ದೊಡ್ಡಪ್ಪ ಮೈಕು ಹಿಡಿದರು.

“ಹಕ್ಕಿ ಹೆಚ್ಚಾಗಿಲ್ಲ ಸಾರ್. ನನ್ನ ಹೆಂಡ್ತಿ ಜೇಬು ಹೊಲಿದಿದ್ದಾಳೆ, ಅಷ್ಟೇ. ಹೋದ ವರ್ಷದ ಲೆಕ್ಕ ತಪ್ಪು. ಆ ಸಾಲು ಹೊಡೆದುಹಾಕಿ.”

ಸಭೆ ಗೊಳ್ಳೆಂದಿತು. ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಾಹೇಬರು ಮಾತ್ರ ನಗಲಿಲ್ಲ. ಪೆನ್ನು ತೆಗೆದು ಆ ಸಾಲು ಹೊಡೆದರು, ಅದರ ಕೆಳಗೆ ತಮ್ಮ ಕೈಯಾರೆ ಏನೋ ಬರೆದರು.

ಆ ಪತ್ರ ಈಗ ದೊಡ್ಡಪ್ಪನ ನಡುಮನೆಯ ಗೋಡೆಯಲ್ಲಿದೆ. ಅಚ್ಚಾದ ಸಾಲಿನ ಮೇಲೆ ಗೀಟು. ಅದರ ಕೆಳಗೆ ಸೊಟ್ಟ ಅಕ್ಷರದಲ್ಲಿ, ‘ಇವರ ಕಾಲದಲ್ಲಿ ಹಕ್ಕಿಗಳು ಕಡಿಮೆಯಾಗಲಿಲ್ಲ.’