ದುರ್ಬೀನು ಆಪರೇಷನ್

ತೊಂಬತ್ತರ ದಶಕದ ಕೊನೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಮೇಲಿಂದ ಮೇಲೆ ಚಳಿಜ್ವರ. ಹರಿಹರದ ನಮ್ಮ ಓಣಿಯಲ್ಲಿ ಅವಳಿಗೆ ದೃಷ್ಟಿ ತೆಗೆಯದ ಹೆಂಗಸರೇ ಉಳಿದಿರಲಿಲ್ಲ. ಕೊನೆಗೆ ದಾವಣಗೆರೆಯ ಮಕ್ಕಳ ಡಾಕ್ಟರು ಎಕ್ಸ್‌ರೇ ತೆಗೆಸಿ ಕಾರಣ ಹೇಳಿದರು. ಕೆಳಗೆ ಹೋಗಬೇಕಾದ ಮೂತ್ರವು ಮೂತ್ರಚೀಲದಿಂದ ವಾಪಸ್ ಮೇಲಕ್ಕೇರಿ ಕಿಡ್ನಿ ಸೇರುತ್ತಿದೆ, ಹೀಗೇ ಬಿಟ್ಟರೆ ಕಿಡ್ನಿ ಕೆಡುತ್ತದೆ. ಆದರೆ ಹೊಟ್ಟೆ ಕೊಯ್ಯಬೇಕಿಲ್ಲ, ಮೂತ್ರದ ದಾರಿಯಲ್ಲೇ ದುರ್ಬೀನಿನ ಸಣ್ಣ ನಳಿಗೆ ಹಾಕಿ ಸರಿ ಮಾಡಬಹುದು. ಹೋದ ಜೀವ ಬಂದಂತಾಯಿತು ನನಗೆ.

ಮನೆಗೆ ಬಂದು ಅತ್ತೆಯ ಮುಂದೆ ದುರ್ಬೀನು ಆಪರೇಷನ್ ಅಂದೆ, ಅಷ್ಟೇ. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಎದ್ದು ಬಂದರು.

"ಏನಂದಿ? ಕೂಸಿಗೆ ದುರ್ಬೀನು ಆಪರೇಷನ್ನಾ? ತಲೆಗಿಲೆ ಕೆಟ್ಟೈತೇನು ನಿನಗೆ?"

ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ: ಕ್ಯಾಂಪಿನಲ್ಲಿ ಹೆಂಗಸರನ್ನು ಸಾಲಾಗಿ ಮಲಗಿಸಿ, ಮುಂದೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ನನಗೆ ನಗು ತಡೆಯಲಿಲ್ಲ. "ಅಯ್ಯ, ಅದಲ್ಲ ಅತ್ತಿ, ಇದು ಉಚ್ಚಿದು" ಎಂದೆ. ಅವರು ಕೇಳಿದರೆ ತಾನೆ! "ಅದೂ ಇದೂ ಎಲ್ಲಾ ಒಂದೇ. ಬ್ಯಾಡ ಅಂದ್ರೆ ಬ್ಯಾಡ" ಎಂದು ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಪಕ್ಕದ ಮನೆಗೆ ಹೋಗಿ ಕೂತುಬಿಟ್ಟರು. ನನ್ನ ಗಂಡನೋ, ತಾಯಿಯ ಮುಂದೆ ಬಾಯಿ ಬಿಡುವ ಪೈಕಿ ಅಲ್ಲ. ಅದೇ ವಾರ ಮತ್ತೆ ಜ್ವರ ಬಂತು. ನನ್ನ ಸಿಟ್ಟು ನೆತ್ತಿಗೇರಿತು. "ಬರ್ರಿ, ನೀವೇ ಡಾಕ್ಟರ್ನ ಕೇಳ್ರಿ" ಎಂದು ಅತ್ತೆಯನ್ನು ಬಸ್ಸು ಹತ್ತಿಸಿದೆ.

ಆಪರೇಷನ್ ಮಾಡುವ ಡಾಕ್ಟರು ಪುಣ್ಯಾತ್ಮ. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಕಿಡ್ನಿಯಿಂದ ಬರುವ ಕೊಳವೆ ಚೀಲ ಸೇರುವಲ್ಲಿ ಸೂಜಿಯಿಂದ ಔಷಧಿ ಬಿಡುತ್ತಾರೆ. ಅಲ್ಲಿ ಕಾಳಿನಷ್ಟು ಉಬ್ಬಿ, ಮೂತ್ರ ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಅತ್ತೆ ಕೇಳಿದ್ದು ಒಂದೇ ಮಾತು.

"ಮುಂದೆ ಇಕಿಗೆ ಮಕ್ಕಳಾಗ್ತಾವೇನ್ರಿ?"

"ನಾವು ಗರ್ಭಕೋಶದ ತಂಟೆಗೇ ಹೋಗಲ್ಲ ಅಜ್ಜಿ. ಕಿಡ್ನಿ ಕೆಟ್ಟರೇ ಮುಂದೆ ಬಸುರಿಯಾದಾಗ ತೊಂದರೆ."

"ಹಂಗಾದ್ರೆ ಮಾಡ್ರಿ ಮತ್ತೆ, ಯಾಕ ತಡ?" ಅಂದರು, ಇಷ್ಟು ದಿನ ಅಡ್ಡ ನಿಂತವಳು ನಾನೇ ಎಂಬಂತೆ!

ಆಪರೇಷನ್ ಆಯಿತು. ಅತ್ತೆ ಮಗುವಿನ ಫ್ರಾಕು ಎತ್ತಿ ಹೊಟ್ಟೆಯೆಲ್ಲ ಹುಡುಕಿದರು. "ಹೊಲಿಗೆನೇ ಇಲ್ಲಲ್ಲೇ! ಏನೂ ಮಾಡಿಲ್ಲ, ಸುಮ್ನೆ ಮಲಗ್ಸಿ ಕಳ್ಸ್ಯಾರೆ" ಎಂದು ಗೊಣಗಿದರು. ಮಗಳು ಮರುದಿನವೇ ಮಂಡಕ್ಕಿ ಬೇಕೆಂದು ಹಟ ಹಿಡಿದಳು.

ಕೆಲವು ತಿಂಗಳ ಮೇಲೆ ಮತ್ತೆ ಎಕ್ಸ್‌ರೇ ತೆಗೆದರು. ಒಂದು ಹನಿಯೂ ಮೇಲಕ್ಕೆ ಹೋಗಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಖುಷಿಗೆ ಅತ್ತುಬಿಟ್ಟೆ.

ವಾಪಸ್ ಬರುವಾಗ ಮಗಳು ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಬಸ್ಸು ದಾರಿಯಲ್ಲಿನ ಬಾತಿ ಊರಿನ ಹತ್ತಿರ ಬಂದಾಗ ಅತ್ತೆ ತಾವಾಗಿಯೇ ಮಾತು ತೆಗೆದರು.

"ನಿನ್ನ ಗಂಡ ಹುಟ್ಟಿ, ಅವನ ತಮ್ಮನೂ ಹುಟ್ಟಿದ ಮ್ಯಾಲೆ ನನ್ನನ್ನ ಆ ಆಪರೇಷನ್ ಕ್ಯಾಂಪಿಗೆ ಕರ್ಕೊಂಡು ಹೋದ್ರು. ಹೊಟ್ಟೆನೋವಿಗೆ ಅಂತ ತಿಳ್ಕೊಂಡಿದ್ದೆ. ಈ ಡಾಕ್ಟರ್ ಹಂಗೆ ಒಬ್ರಾದ್ರೂ ಕೂಡ್ರಿಸಿ ಹೇಳ್ಲಿಲ್ಲ. ನನಗೊಂದು ಹೆಣ್ಣು ಕೂಸು ಬೇಕಿತ್ತವ್ವ."

ಅಷ್ಟರಲ್ಲಿ ಮಗಳು ಎದ್ದು, "ಅಜ್ಜಿ, ಉಚ್ಚಿ" ಅಂದಳು. ಅತ್ತೆ ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು:

"ಏ ಕಂಡಕ್ಟ್ರೇ, ನಿಲ್ಸಪ್ಪಾ! ನನ್ನ ಮಗಳು ಉಚ್ಚಿ ಹೊಯ್ಬೇಕಂತೆ!"

ಮೊಮ್ಮಗಳು ಅನ್ನಲಿಲ್ಲ. ಬಸ್ಸು ನಿಂತಿತು.