ಅಪ್ಪನ ಮಜ್ಜಿಗೆಗೆ ಬೆರೆಸಿದ ಪುಡಿ

ಅಪ್ಪನ ಬಲಗೈ ನಡುಗಲು ಶುರುವಾದಾಗ ಅವರಿಗೆ ಎಪ್ಪತ್ತೆರಡು. ಮುಗದ ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಬೆಂಗೇರಿಯಲ್ಲಿ ಮಗಳಾದ ನನ್ನ ಜೊತೆಗೇ ಇದ್ದರು. ನರರೋಗದ ಡಾಕ್ಟರು ಕೈ ಪರೀಕ್ಷಿಸಿ, "ಸಂಡಾಸ ಸರಿಯಾಗಿ ಆಗತದೇನ್ರಿ?" ಎಂದು ಕೇಳಿದರು. ಕೈಗೂ ಹೊಟ್ಟೆಗೂ ಏನು ಸಂಬಂಧ? ಇನ್ನಷ್ಟು ಟೆಸ್ಟ್ ಬರೆಯಲು ಪೀಠಿಕೆ ಇರಬೇಕು ಎಂದುಕೊಂಡೆ. ಅಪ್ಪ ತಲೆ ತಗ್ಗಿಸಿ, "ಹತ್ತಹನ್ನೆರಡ ವರ್ಷದಿಂದ ತ್ರಾಸ ಐತ್ರಿ" ಎಂದರು. ನನಗದು ಗೊತ್ತೇ ಇರಲಿಲ್ಲ.

ಪಾರ್ಕಿನ್ಸನ್ ಎಂದರು ಡಾಕ್ಟರು. ಕೆಲವರಲ್ಲಿ ಅದು ಕರುಳಿನಿಂದಲೇ ಶುರುವಾಗಬಹುದು, ಅಲ್ಲಿನ ಬ್ಯಾಕ್ಟೀರಿಯಾಗಳ ಪಾತ್ರವೂ ಇರಬಹುದು, ಆದರೆ ಇನ್ನೂ ಖಾತ್ರಿಯಿಲ್ಲ ಎಂದು ಹೇಳಿ ಮಾತ್ರೆ ಬರೆದರು.

ನಾನು ಹಿಡಿದುಕೊಂಡದ್ದು ಬ್ಯಾಕ್ಟೀರಿಯಾ ಎಂಬ ಮಾತನ್ನಷ್ಟೇ. ಔಷಧಿ ಅಂಗಡಿಯಿಂದ 'ಒಳ್ಳೆಯ ಬ್ಯಾಕ್ಟೀರಿಯಾ'ದ ಪುಡಿ ತಂದೆ. "ಹುಳದ ಪುಡಿ ನಾ ತಿನ್ನಂಗಿಲ್ಲ" ಎಂದು ಅಪ್ಪ ಪೊಟ್ಟಣ ಸರಿಸಿದರು. ಮರುದಿನದಿಂದ ಅದನ್ನು ಕದ್ದು ಅವರ ಮಜ್ಜಿಗೆಗೆ ಬೆರೆಸತೊಡಗಿದೆ.

"ಮಜ್ಜಿಗಿ ರುಚಿ ಬ್ಯಾರೆ ಆಗೇತಿ," ಎಂದರು ಮೂರನೆಯ ದಿನ.

"ಇಲ್ಲಪ್ಪಾ, ದಿನದ ಮಜ್ಜಿಗಿನ ಅದು."

ಆಮೇಲೆ ಅವರು ಲೋಟ ಮುಟ್ಟಲಿಲ್ಲ. ಸಾರೂ ಬೇಡವಾಯಿತು. ಬಡಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದರು. ತಾವೇ ಸುಲಿದ ಬಾಳೆಹಣ್ಣು, ಅಂಗಡಿಯ ಬಿಸ್ಕೀಟು, ಇಷ್ಟೇ ಊಟ. ಈ ಕಾಯಿಲೆಯಲ್ಲಿ ಕೆಲವರಿಗೆ ಇಲ್ಲದ ಸಂಶಯಗಳು ಹುಟ್ಟುತ್ತವೆ ಎಂದು ಓದಿದ್ದೆ. ಅದೇ ಶುರುವಾಯಿತೆಂದು ಹೆದರಿ ಮತ್ತೆ ಡಾಕ್ಟರ ಬಳಿ ಕರೆದೊಯ್ದೆ.

"ನನ್ನ ಮಜ್ಜಿಗ್ಯಾಗ ಏನೋ ಹಾಕ್ತಾಳ್ರಿ," ಎಂದರು ಅಪ್ಪ.

ಡಾಕ್ಟರು ನನ್ನ ಕಡೆ ತಿರುಗಿದರು. "ಏನರ ಹಾಕೀರೇನ್ರಿ?"

ಇಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಅಪ್ಪನಿಗೆ ಭ್ರಮೆಯೆಂದು ಮತ್ತೊಂದು ಮಾತ್ರೆ ಸೇರುತ್ತದೆ ಎಂದು ಆಗ ಹೊಳೆಯಿತು. ನಿಜ ಹೇಳಿದೆ.

"ಆ ಪುಡಿಯಿಂದ ಈ ರೋಗ ಹೋಗತದಂತ ಯಾರೂ ಸಾಬೀತ ಮಾಡಿಲ್ರಿ," ಎಂದರು ಡಾಕ್ಟರು. "ಹೊಟ್ಟಿ ತ್ರಾಸಿಗೆ ಬ್ಯಾರೆ ಔಷಧ ಕೊಡತೇನಿ. ಏನ ಕೊಡೂದಿದ್ರೂ ಅವರನ್ನ ಕೇಳಿ ಕೊಡ್ರಿ."

ಅಪ್ಪ ಬೈಯಲಿಲ್ಲ. ಆಟೋ ಹತ್ತಿದ ಮೇಲೆ, "ನನಗ ತಲಿ ಕೆಟ್ಟೈತೇನೋ ಅಂತ ಅಂಜಿದ್ದೆ ಯವ್ವಾ" ಎಂದರು. ಮನೆಗೆ ಬಂದೊಡನೆ ಉಳಿದ ಪುಡಿಯನ್ನು ಅವರೆದುರೇ ಕಸದ ಬುಟ್ಟಿಗೆ ಹಾಕಿದೆ.

ಈಗ ಹೊಟ್ಟೆ ಹಗುರಾಗಿದೆ, ನಡುಕ ಅಷ್ಟಿಷ್ಟು ತಗ್ಗಿದೆ. ಊಟ ಮಾತ್ರ ತಾವೇ ಬಡಿಸಿಕೊಳ್ಳುತ್ತಾರೆ. ಸಾರು ಚೆಲ್ಲಿದರೂ ನನ್ನನ್ನು ಕರೆಯುವುದಿಲ್ಲ.